ಮಿಲಿಟರಿ ಚಳಿ ಜಾಕೆಟ್: ದಾವಣಗೆರೆಯ ಸೆಕೆಯಲ್ಲೇ ಪರೀಕ್ಷಿಸಿ ಕೊಳ್ಳುವುದು ಹೇಗೆ?

ಮಧ್ಯಾಹ್ನದ 30 ಡಿಗ್ರಿ ಸೆಕೆಯಲ್ಲಿ ದಾವಣಗೆರೆಯ ಅಂಗಡಿಯೊಳಗೆ ನಿಂತು ಹಾಕಿ ನೋಡಿದರೆ ಯಾವ ಜಾಕೆಟ್ಟಾದರೂ ಬೆಚ್ಚಗೇ ಇರುತ್ತದೆ. ಎರಡು ನಿಮಿಷಕ್ಕೆ ಬೆನ್ನಲ್ಲಿ ಬೆವರು ಇಳಿಯುತ್ತದೆ, "ಇದು ಹಿಮಾಲಯಕ್ಕೂ ಸಾಕು" ಅನ್ನಿಸುತ್ತದೆ, ದುಡ್ಡು ಕೊಟ್ಟು ಬರುತ್ತೇವೆ. ಅದೇ ಜಾಕೆಟ್ ಉತ್ತರಾಖಂಡದ 3,810 ಮೀಟರ್ ಎತ್ತರದ ಕೇದಾರಕಂಠ ಶಿಖರಕ್ಕೆ ಡಿಸೆಂಬರಿನಲ್ಲಿ ಬೆಳಗಿನ ಜಾವ ಹತ್ತುವಾಗಲೋ, ಅಕ್ಟೋಬರ್ ಕೊನೆಯಲ್ಲಿ ಕೇದಾರನಾಥದ ಸಾಲಿನಲ್ಲಿ ಗಂಟೆಗಟ್ಟಲೆ ನಿಂತಾಗಲೋ ಕೈಕೊಡುತ್ತದೆ. ನಮ್ಮ ಕಡೆ ಡಿಸೆಂಬರ್ ರಾತ್ರಿಯಲ್ಲೂ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುವುದರಿಂದ ಹಾಕಿ ನೋಡಿ ತೀರ್ಮಾನಿಸುವ ದಾರಿ ಇಲ್ಲವೇ ಇಲ್ಲ. ಅಳೆದು, ಬಿಚ್ಚಿ, ಬೆಳಕಿಗೆ ಹಿಡಿದು, ಬಿಸಿನೀರಿನ ಬಾಟಲಿ ಇಟ್ಟು ತಿಳಿಯಬೇಕು. ಅದಕ್ಕೆ ಬೇಕಾದದ್ದೆಲ್ಲ ಮನೆಯಲ್ಲೇ ಇದೆ: ಮೊಬೈಲ್ ಟಾರ್ಚ್, ಸ್ಕೇಲು, ಅಳತೆ ಟೇಪು, ಟೇಬಲ್ ಫ್ಯಾನು, ಒಂದೇ ಅಳತೆಯ ಮೂರು ಸ್ಟೀಲ್ ಬಾಟಲಿ. ಅಡುಗೆ ಥರ್ಮಾಮೀಟರ್ ಒಂದನ್ನು ಮಾತ್ರ ತರಬೇಕಾದೀತು.

ಇಲ್ಲಿ ಮಾತಾಡುತ್ತಿರುವುದು ಸೇನೆಗಳಿಗೆಂದು ತಯಾರಾಗಿ, ಸರ್‌ಪ್ಲಸ್ ಆಗಿ, ಅಂದರೆ ಬೇಕಾದ್ದಕ್ಕಿಂತ ಹೆಚ್ಚಾಗಿ ಉಳಿದು ಮಾರುಕಟ್ಟೆಗೆ ಬಂದ ಜಾಕೆಟ್‌ಗಳ ಬಗ್ಗೆ. ಅಮೆರಿಕದ ಸೇನೆ 1965ರಲ್ಲಿ ತಂದ ಎಂ-65 ಇವುಗಳಲ್ಲಿ ಹೆಸರುವಾಸಿ. ಅದರ ಮಾದರಿಯವು, ನಕಲುಗಳು ಲೆಕ್ಕವಿಲ್ಲದಷ್ಟಿವೆ. ರಚನೆ ಬಹುತೇಕ ಒಂದೇ: ಹೊರಗೆ ಗಾಳಿ ತಡೆಯುವ ದಪ್ಪ ಬಟ್ಟೆಯ ಷೆಲ್, ಒಳಗೆ ಗುಂಡಿ ಹಾಕಿ ಕೂಡಿಸುವ, ಬೇಕೆಂದಾಗ ತೆಗೆಯಬಹುದಾದ, ಹತ್ತಿ ತುಂಬಿದ ಒಳಪದರ ಅಂದರೆ ಲೈನರ್, ಕಾಲರಿನೊಳಗೆ ಸುತ್ತಿಟ್ಟ ತೆಳು ಟೋಪಿ. ಕೊಳ್ಳುವವರು ಷೆಲ್ ನೋಡಿ ಮರುಳಾಗುತ್ತಾರೆ, ಚಳಿ ತಡೆಯುವುದು ಲೈನರ್. ಲೈನರ್ ಸತ್ತಿದ್ದರೆ ಷೆಲ್ ಎಷ್ಟೇ ಗಟ್ಟಿಯಿದ್ದರೂ ಅದು ಗಾಳಿ ತಡೆಯುವ ಕೋಟು ಅಷ್ಟೇ. ಹಾಗಾಗಿ ಕೆಳಗಿನ ಪರೀಕ್ಷೆಗಳಲ್ಲಿ ಅರ್ಧ ಪಾಲು ಲೈನರಿನದು.

ಮೊದಲು: ಅಲ್ಲಿ ನಡೆಯುತ್ತೀರೋ, ಕೂರುತ್ತೀರೋ?

ಬಟ್ಟೆಯ ಬಿಸಿ ತಡೆಯುವ ಗುಣಕ್ಕೆ ಕ್ಲೋ ಎಂಬ ಅಳತೆಯಿದೆ. ಇದನ್ನು 1941ರಲ್ಲಿ ರೂಪಿಸಿದರು. 21 ಡಿಗ್ರಿಯಲ್ಲಿ, ಗಾಳಿ ಆಡದ ಕೋಣೆಯಲ್ಲಿ ಸುಮ್ಮನೆ ಕುಳಿತವನಿಗೆ ಹಿತವಾಗಿರಲು ಬೇಕಾದಷ್ಟು ಬಟ್ಟೆಯೇ 1 ಕ್ಲೋ. ಒಂದು ಪೂರ್ತಿ ಸೂಟು ಧರಿಸಿದರೆ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ.

ಈಗ ಲೆಕ್ಕ ನೋಡಿ. 0 ಡಿಗ್ರಿಯಲ್ಲಿ ಅಲುಗಾಡದೆ ಕುಳಿತವರಿಗೆ ಸುಮಾರು 4 ಕ್ಲೋ ಬೇಕು. ಅದೇ ಚಳಿಯಲ್ಲಿ ಚುರುಕಾಗಿ ನಡೆಯುವವರಿಗೆ 1ರಿಂದ 1.5 ಕ್ಲೋ ಸಾಕು, ಏಕೆಂದರೆ ಅವರ ಮೈಯೇ ಎರಡು-ಮೂರು ಪಟ್ಟು ಬಿಸಿ ಹುಟ್ಟಿಸುತ್ತಿರುತ್ತದೆ. "ನಾನು ಹೋಗಿ ಬಂದೆ, ಏನೂ ಚಳಿಯಾಗಲಿಲ್ಲ" ಎಂದು ಹೇಳುವವರ ಮಾತನ್ನು ತೂಗುವಾಗ ಇದು ನೆನಪಿರಲಿ. ಅವರು ಏರು ಹತ್ತುತ್ತಿದ್ದರೋ, ಕ್ಯಾಂಪಿನಲ್ಲಿ ಟೀಗೆ ಕಾದು ಕುಳಿತಿದ್ದರೋ ಎಂದು ಕೇಳಿ. ಕ್ಲೋ ಲೆಕ್ಕ ಇಡೀ ಮೈಗೆ. ಜಾಕೆಟ್ ಮುಚ್ಚುವುದು ಸೊಂಟದ ಮೇಲ್ಭಾಗವನ್ನು ಮಾತ್ರ. ಕಾಲು, ತಲೆ, ಕೈ ಬೆತ್ತಲಿದ್ದರೆ ಜಾಕೆಟ್ ಎಷ್ಟು ದಪ್ಪವಿದ್ದರೂ ಆ 4 ಮುಟ್ಟುವುದಿಲ್ಲ.

ಹೋಗುವ ಜಾಗದ ಉಷ್ಣಾಂಶ ಅಂದಾಜಿಸಲು ಬುಡದ ಊರಿನ ರಾತ್ರಿ ಉಷ್ಣಾಂಶ ತಿಳಿದುಕೊಂಡು, ಪ್ರತಿ 1,000 ಮೀಟರ್ ಏರಿಕೆಗೆ 6.5 ಡಿಗ್ರಿ ಕಳೆಯಿರಿ. ಆಮೇಲೆ ಗಾಳಿ: 0 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 6ರಿಂದ 7ರಂತೆ ತಾಗುತ್ತದೆ. ಮೈನಸ್ 10 ಇದ್ದರೆ ಮೈನಸ್ 20ರ ಹತ್ತಿರ. ಹೋಗುವ ಜಾಗದ ಉಷ್ಣಾಂಶ, ಗಾಳಿ ಸೇರಿದಾಗಿನ ಚಳಿ, ಈ ಎರಡು ಅಂಕಿ ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ.

ಲೇಬಲ್ ಓದುವುದು

ಜಾಕೆಟ್ಟಿನ ಒಳಗೆ, ಕತ್ತಿನ ಹಿಂದೆ ಅಥವಾ ಒಳಜೇಬಿನ ಹತ್ತಿರ ಬಟ್ಟೆಯ ಚೀಟಿ ಇರುತ್ತದೆ. ಅಮೆರಿಕದ ಎಂ-65 ಆದರೆ "ಕೋಟ್, ಕೋಲ್ಡ್ ವೆದರ್, ಫೀಲ್ಡ್" ಎಂಬ ಹೆಸರು, ಮಿಲ್-ಸಿ-43455 ಎಂಬ ನಿರ್ದಿಷ್ಟ ಮಾನದ ಸಂಖ್ಯೆ, 8415ರಿಂದ ಶುರುವಾಗುವ 13 ಅಂಕಿಯ (1970ರ ದಶಕದ ಮಧ್ಯಕ್ಕಿಂತ ಹಳೆಯದಾದರೆ 11 ಅಂಕಿಯ) ದಾಸ್ತಾನು ಸಂಖ್ಯೆ ಇರಬೇಕು. 13 ಅಂಕಿಯದರಲ್ಲಿ ಆ ನಾಲ್ಕು ಅಂಕಿಯ ನಂತರದ ಎರಡು ಅಂಕಿ ದೇಶದ್ದು: 00 ಅಥವಾ 01 ಅಮೆರಿಕ, 12 ಜರ್ಮನಿ, 14 ಫ್ರಾನ್ಸ್, 99 ಬ್ರಿಟನ್. ಗುತ್ತಿಗೆ ಸಂಖ್ಯೆ ಡಿಎಲ್‌ಎ100-80-ಸಿ ಎಂದು ಶುರುವಾದರೆ (ಡಿಎಲ್‌ಎ ಎಂದರೆ ಅಮೆರಿಕದ ಸೇನೆಗೆ ಸಾಮಗ್ರಿ ಒದಗಿಸುವ ಸಂಸ್ಥೆ) ನಡುವಿನ 80 ಎಂದರೆ 1980ರ ಗುತ್ತಿಗೆ. ಡಿಎಲ್‌ಎ ಬದಲು ಡಿಎಸ್‌ಎ ಎಂದಿದ್ದರೆ ಅದಕ್ಕಿಂತ ಹಳೆಯದು, ಏಕೆಂದರೆ ಆ ಸಂಸ್ಥೆಯ ಹೆಸರು ಬದಲಾದದ್ದು 1977ರಲ್ಲಿ.

ವರ್ಷ ಏಕೆ ಬೇಕೆಂದರೆ, ಲೈನರಿನೊಳಗಿನ ಪಾಲಿಯೆಸ್ಟರ್ ಹತ್ತಿ ದಶಕಗಟ್ಟಲೆ ಮಡಚಿ ಮೂಟೆಯಲ್ಲಿದ್ದರೆ ಚಪ್ಪಟೆಯಾಗಿರುತ್ತದೆ. ಅದು ಅಸಲಿ ಎಂಬುದು ಬೆಚ್ಚಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಲೇಬಲ್ ಕತ್ತರಿಸಿ ಹಾಕಿದ ಒಳ್ಳೆಯ ಜಾಕೆಟ್‌ಗಳೂ ಇವೆ, ಹೊಸ ಲೇಬಲ್ ಹೊಲಿದ ಕಳಪೆ ನಕಲುಗಳೂ ಇವೆ. ಲೇಬಲ್ ಸುತ್ತಲಿನ ಹೊಲಿಗೆಯ ದಾರ ಹೊಳೆಯುತ್ತಿದ್ದು, ಪಕ್ಕದ ಹೊಲಿಗೆಯೆಲ್ಲ ಮಾಸಿದ್ದರೆ ಆ ಚೀಟಿ ಆಮೇಲೆ ಬಂದದ್ದು.

ಭಾರತದ ಸೇನೆಗೆ ಬಟ್ಟೆ ಹೊಲಿಯುವ ಶಹಜಹಾನ್‌ಪುರ, ಆವಡಿ ಮೊದಲಾದ ಆರ್ಡ್‌ನೆನ್ಸ್ ಕಾರ್ಖಾನೆಗಳು 2021ರ ಅಕ್ಟೋಬರಿನಿಂದ ಕಾನ್ಪುರದ ಟ್ರೂಪ್ ಕಂಫರ್ಟ್ಸ್ ಲಿಮಿಟೆಡ್ ಅಡಿಯಲ್ಲಿವೆ. "ಆರ್ಮಿ ಕ್ಯಾಂಟೀನ್ ಮಾಲು" ಎಂದು ಬಾಯಲ್ಲಿ ಹೇಳಿ, ಇವುಗಳ ಯಾವ ಗುರುತೂ ಇಲ್ಲದ ಜಾಕೆಟ್ ತೋರಿಸಿದರೆ ಅದನ್ನು ಸಾಧಾರಣ ಜಾಕೆಟ್ ಎಂದೇ ಪರಿಗಣಿಸಿ, ಬೆಲೆಯೂ ಅಷ್ಟೇ ಕೊಡಿ.

ಲೈನರ್: ಇಲ್ಲಿ ಅವಸರ ಬೇಡ

ಲೈನರನ್ನು ಷೆಲ್‌ನಿಂದ ಪೂರ್ತಿ ಬಿಚ್ಚಿ. ಅಂಗಡಿಯವರು "ಗುಂಡಿ ಬಿಚ್ಚಬೇಡಿ ಸಾರ್" ಅಂದರೆ ಅಲ್ಲಿಂದ ಎದ್ದು ಬರುವುದೇ ವಾಸಿ. ಎಂ-65ರಲ್ಲಿ ಷೆಲ್ ಕಡೆ ಸಣ್ಣ ಗುಂಡಿ, ಲೈನರ್ ಕಡೆ ಕಾಜ ಇರುತ್ತದೆ. ಗುಂಡಿ ಎಷ್ಟೋ ಕಾಜ ಅಷ್ಟಿದೆಯೇ, ಎಲ್ಲವೂ ಎದುರುಬದುರು ಕೂರುತ್ತವೆಯೇ ನೋಡಿ. ಬೇರೆ ಸೈಜಿನ ಲೈನರ್ ಸೇರಿಸಿ ಮಾರುವುದು ಮಾಮೂಲು. ಆಗ ಹಾಕಿಕೊಂಡರೆ ಹೊರಬಟ್ಟೆ ಸುಕ್ಕಾಗುತ್ತದೆ, ಇಲ್ಲವೇ ಬೆನ್ನಿನ ಕಡೆ ಲೈನರ್ ಬಿಗಿಯಾಗಿ ಹಿಡಿದು ಅಲ್ಲಿನ ಹತ್ತಿ ಒತ್ತಿಹೋಗುತ್ತದೆ. ತೋಳಿನ ತುದಿಯಲ್ಲೂ ಕೂಡಿಸುವ ಜಾಗ ಇರುತ್ತದೆ. ಅದಿಲ್ಲದಿದ್ದರೆ ಪ್ರತಿ ಸಲ ಜಾಕೆಟ್ ತೆಗೆಯುವಾಗ ಲೈನರಿನ ತೋಳು ಹೊರಳಿ ಬರುತ್ತದೆ.

ಮುಂದೆ ಟಾರ್ಚ್. ಕತ್ತಲು ಕೋಣೆಯಲ್ಲಿ, ಅಂಗಡಿಯಾದರೆ ಟ್ರಯಲ್ ರೂಮಿನ ಪರದೆ ಎಳೆದು, ಲೈನರಿನ ಒಂದು ಪದರದ ಹಿಂದೆ ಮೊಬೈಲ್ ಟಾರ್ಚ್ ಇಟ್ಟು ನಿಧಾನವಾಗಿ ಸರಿಸಿ. ಹತ್ತಿ ಸಮನಾಗಿದ್ದರೆ ಬೆಳಕು ಹಾಲುಬಿಳುಪಾಗಿ ಒಂದೇ ತೆರನಾಗಿ ಹರಡುತ್ತದೆ. ಹತ್ತಿ ಸರಿದು ಗಂಟುಕಟ್ಟಿದ್ದರೆ ಪಕ್ಕದಲ್ಲೇ ಖಾಲಿ ಜಾಗ ಹೊಳೆಯುತ್ತದೆ, ನೇಯ್ಗೆಯ ಎಳೆ ಎಳೆ ಕಾಣುತ್ತದೆ. ಎರಡೂ ಭುಜದ ಮೇಲ್ಭಾಗ, ಬೆನ್ನಿನ ನಡು, ಮೊಣಕೈ ಮತ್ತು ಕಂಕುಳು ಈ ಜಾಗಗಳನ್ನು ಬಿಡದೆ ನೋಡಿ. ಭುಜದಲ್ಲಿ ಚೀಲದ ಪಟ್ಟಿ ಒತ್ತಿ ಒತ್ತಿ ಹತ್ತಿ ಮೊದಲು ಸಾಯುತ್ತದೆ, ಮಲಗುವಾಗ ಬೆನ್ನಿನದು. ಅಂಗೈಯಗಲದ ಖಾಲಿ ಜಾಗ ಎರಡಕ್ಕಿಂತ ಹೆಚ್ಚು ಕಂಡರೆ ಆ ಲೈನರ್ ಬೇಡ. ಇದನ್ನು ದರ್ಜಿಯೂ ಸರಿಮಾಡಲಾರ: ಬಿಚ್ಚಿ ಹೊಸ ಹತ್ತಿ ತುಂಬಿ ಮತ್ತೆ ಕ್ವಿಲ್ಟ್ ಹೊಲಿಗೆ ಹಾಕುವ ಖರ್ಚಿಗೆ ಬೇರೆ ಲೈನರೇ ಬರುತ್ತದೆ.

ಮೂರನೆಯದು ದಪ್ಪ. ಲೈನರನ್ನು ಚೆನ್ನಾಗಿ ಕೊಡವಿ, ಅರ್ಧ ಗಂಟೆ ಹಗ್ಗದ ಮೇಲೆ ತೂಗುಹಾಕಿ. ಬೆನ್ನಿನ ಭಾಗವನ್ನು ನಾಲ್ಕು ಪದರ ಆಗುವಂತೆ ಮಡಚಿ ಮೇಜಿನ ಮೇಲಿಟ್ಟು, ಮೇಲೆ ತೆಳು ನೋಟ್‌ಬುಕ್ ಒಂದನ್ನು ಒತ್ತದೆ ಇಡಿ. ನಾಲ್ಕು ಮೂಲೆಯಲ್ಲೂ ಮೇಜಿನಿಂದ ನೋಟ್‌ಬುಕ್ಕಿನ ಕೆಳಅಂಚಿನವರೆಗೆ ಸ್ಕೇಲಿನಲ್ಲಿ ಅಳೆದು, ಸರಾಸರಿಯನ್ನು 4ರಿಂದ ಭಾಗಿಸಿ. ಬಿಸಿ ತಡೆಯುವ ಕೆಲಸ ಮಾಡುವುದು ಹತ್ತಿಯ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಹಾಗಾಗಿ ಯಾವ ಹತ್ತಿಯಾದರೂ ಸುಮಾರು 6 ಮಿಲಿಮೀಟರ್ ದಪ್ಪಕ್ಕೆ 1 ಕ್ಲೋ ಎಂಬ ಅಂದಾಜು ನಡೆಯುತ್ತದೆ. ನಾಲ್ಕು ಪದರ 20 ಮಿಲಿಮೀಟರ್ ಬಂದರೆ ಒಂದು ಪದರ 5, ಅಂದರೆ ಆ ಬಟ್ಟೆಗೆ 0.8 ಕ್ಲೋ. ಮೈಮೇಲೆ ಬಂದಾಗ ಹೊಲಿಗೆ ಸಾಲು, ಚೀಲದ ಒತ್ತು ಎಲ್ಲ ಸೇರಿ ಇದರಲ್ಲೂ ಒಂದಿಷ್ಟು ಕಳೆಯುತ್ತದೆ. ನಾಲ್ಕು ಪದರ 10 ಮಿಲಿಮೀಟರಿಗೇ ನಿಂತರೆ ಒಳಗಿರುವುದು ಹತ್ತಿಯಲ್ಲ, ಬರೀ ಬಟ್ಟೆ ಎಂದೇ ತಿಳಿಯಿರಿ.

ಕೊನೆಗೆ ಹಿಂಡಿ ಬಿಡಿ. ಲೈನರಿನ ಒಂದು ಭಾಗವನ್ನು ಮುಷ್ಟಿಯಲ್ಲಿ ಬಿಗಿಯಾಗಿ 30 ಸೆಕೆಂಡ್ ಹಿಡಿದು ಬಿಟ್ಟರೆ, ಒಳ್ಳೆಯ ಹತ್ತಿ ಒಂದು ನಿಮಿಷದೊಳಗೆ ಉಬ್ಬಿ ಮೇಲೆ ಬರುತ್ತದೆ. ಸುಕ್ಕು ಹಾಗೇ ಉಳಿದರೆ ಅದರ ಎಳೆಗಳು ಬಳಲಿವೆ. ಆದರೆ ಮೂಟೆಯಿಂದ ಆಗಷ್ಟೇ ತೆಗೆದ ಮಾಲಿಗೆ ಈ ಒಂದು ಪರೀಕ್ಷೆಯಲ್ಲಿ ಸ್ವಲ್ಪ ರಿಯಾಯಿತಿ ಕೊಡಬೇಕು. ಒಮ್ಮೆ ಒಗೆದು ಕೊಡವಿದ ಮೇಲೆ ಎಷ್ಟೋ ಲೈನರ್‌ಗಳು ಚೇತರಿಸಿಕೊಳ್ಳುತ್ತವೆ.

ಹೊರಬಟ್ಟೆ

ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ. ಉಸಿರು ಸಲೀಸಾಗಿ ಆಚೆ ಹೋದರೆ ಗಾಳಿಯೂ ಸಲೀಸಾಗಿ ಒಳಬರುತ್ತದೆ. ಎಂ-65ರ ಅಸಲಿ ಬಟ್ಟೆ ಅರ್ಧ ಹತ್ತಿ ಅರ್ಧ ನೈಲಾನಿನ ಒತ್ತಾದ ಸ್ಯಾಟೀನ್ ನೇಯ್ಗೆ. ಊದುವಾಗ ಕೆನ್ನೆ ಉಬ್ಬಬೇಕು. ಒಂದು ಕಾಲಕ್ಕೆ ಮಿಲ್ಲುಗಳ ಊರಾಗಿದ್ದ ದಾವಣಗೆರೆಯಲ್ಲಿ ಬಟ್ಟೆ ಮುಟ್ಟಿಯೇ ನೂಲು ಹೇಳುವ ಹಿರಿಯರು ಇನ್ನೂ ಸಿಗುತ್ತಾರೆ. ಸಿಗದಿದ್ದರೆ ಸುಟ್ಟು ನೋಡುವುದೇ ದಾರಿ. ಒಳಗಿನ ಹೊಲಿಗೆಯ ಮಡಿಕೆಯಿಂದ ಎರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಒಡ್ಡಿ. ಸುಟ್ಟ ಕಾಗದದ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ ಬಂದರೆ ಬರೀ ಹತ್ತಿ. ಮುದುಡಿ ಕರಗಿ ಗಟ್ಟಿ ಮಣಿಯಾದರೆ ಬರೀ ಸಿಂಥೆಟಿಕ್. ಉರಿದು ಬೂದಿಯೂ ಆಗಿ ತುದಿಯಲ್ಲಿ ಸಣ್ಣ ಗಂಟೂ ಉಳಿದರೆ ಮಿಶ್ರ ನೂಲು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ.

ಬರೀ ಹತ್ತಿಯ ಷೆಲ್ ಒಣ ಚಳಿಗೆ ತೊಂದರೆಯಿಲ್ಲ. ಹಿಮ ಕರಗಿ ಒದ್ದೆಯಾಗುವ ಕಡೆ ಅದು ನೀರು ಕುಡಿದು ಭಾರವಾಗುತ್ತದೆ, ರಾತ್ರಿಯೆಲ್ಲ ಒಣಗುವುದಿಲ್ಲ. ಮಿಶ್ರ ನೂಲಿನದಕ್ಕೂ ಈ ದೋಷ ಅರ್ಧ ಇದ್ದೇ ಇದೆ. ಎಂ-65 ಜಾತಿಯ ಜಾಕೆಟ್‌ಗಳ ದೊಡ್ಡ ಕೊರತೆಯೇ ಇದು. ಸುರಿಯುವ ಹಿಮಮಳೆಗೆ ಮೇಲೊಂದು ರೇನ್‌ಕೋಟ್ ಬೇಕೇ ಬೇಕು.

ನೀರಿನ ಪರೀಕ್ಷೆಗೆ ಎರಡು ಚಮಚ ನೀರನ್ನು ಭುಜದ ಮೇಲೆ ಚಿಮುಕಿಸಿ ಎರಡು ನಿಮಿಷ ಬಿಡಿ. ಹನಿ ಹನಿಯಾಗಿ ಉರುಳಿದರೆ ನೀರು ನಿರೋಧಕ ಲೇಪ ಜೀವಂತವಾಗಿದೆ. ಬಟ್ಟೆ ಕಪ್ಪಗಾಗಿ ಹೀರಿಕೊಂಡರೆ ಲೇಪ ಹೋಗಿದೆ. ಆದರೆ ಇದು ತಿರಸ್ಕರಿಸುವ ಕಾರಣವಲ್ಲ, ಮತ್ತೆ ಹಾಕಬಹುದು. ತಿರಸ್ಕರಿಸಬೇಕಾದದ್ದು ಬೇರೆ: ಒಳಗಡೆ ಪ್ಲಾಸ್ಟಿಕ್ ಪದರವಿರುವ ಜಾಕೆಟ್ಟಿನಲ್ಲಿ ಆ ಪದರ ಅಂಟಂಟಾಗಿದ್ದರೆ, ಬೆರಳಿಗೆ ಬಿಳಿ ಹೊಟ್ಟು ಬಂದರೆ, ಹೊಲಿಗೆಯ ಮೇಲಿನ ಪಟ್ಟಿ ಏಳುತ್ತಿದ್ದರೆ ಅದಕ್ಕೆ ಮದ್ದಿಲ್ಲ. ಸೆಕೆ ಮತ್ತು ತೇವದಲ್ಲಿ ವರ್ಷಗಟ್ಟಲೆ ಮಡಚಿಟ್ಟ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಪದರ ಹೀಗೆ ಒಡೆದುಹೋಗುತ್ತದೆ.

ಬೆವರು ಹೊರಹೋಗುತ್ತದೆಯೇ ಎಂದು ತಿಳಿಯಲು ಲೋಟದ ಪರೀಕ್ಷೆ ಮಾಡಿ. ಅರ್ಧ ಲೋಟ ಕುದಿಯುವ ನೀರು, ಮೇಲೆ ಬಟ್ಟೆಯ ಒಂದೇ ಪದರ ಬಿಗಿದು ರಬ್ಬರ್ ಬ್ಯಾಂಡ್, ಅದರ ಮೇಲೆ ಬೆರಳಗಲ ಎತ್ತರದಲ್ಲಿ ತಣ್ಣನೆಯ ಕನ್ನಡಿ. ಎರಡು ನಿಮಿಷದಲ್ಲಿ ಕನ್ನಡಿಗೆ ಆವಿ ಕಟ್ಟಿದರೆ ಬಟ್ಟೆ ಉಸಿರಾಡುತ್ತದೆ. ಕಟ್ಟದಿದ್ದರೆ ಏರು ಹತ್ತುವಾಗ ನಿಮ್ಮ ಬೆವರೆಲ್ಲ ಲೈನರಿಗೆ ಇಳಿಯುತ್ತದೆ, ನಿಂತ ಐದು ನಿಮಿಷಕ್ಕೆ ಅದೇ ಬೆವರು ನಡುಗಿಸುತ್ತದೆ.

ಜಿಪ್, ಗುಂಡಿ, ಲಾಡಿ

ಮುಂದಿನ ಜಿಪ್ಪನ್ನು ಮೇಲಿಂದ ಕೆಳಗೆ 20 ಸಲ ಎಳೆಯಿರಿ, ಅದರಲ್ಲಿ ಕೊನೆಯ 5 ಸಲ ಕೈಗವಸು ಹಾಕಿಕೊಂಡು. ರನ್ನರ್ ದಾಟಿಹೋದ ಮೇಲೆ ಹಿಂದೆ ಹಲ್ಲು ಬಿಟ್ಟುಕೊಂಡರೆ ರನ್ನರಿನ ದವಡೆ ಅಗಲವಾಗಿದೆ ಎಂದರ್ಥ. ಅದನ್ನು ಇಕ್ಕಳದಲ್ಲಿ ಎರಡೂ ಬದಿ ತುಸು ತುಸು ಒತ್ತಿದರೆ ಸರಿಹೋಗುವುದುಂಟು. ಆಗದಿದ್ದರೆ "ಅಣ್ಣಾ, ರನ್ನರ್ ಮಾತ್ರ ಬದಲಾಯಿಸಿ ಕೊಡಿ" ಎಂದು ಜಿಪ್ ರಿಪೇರಿಯವರಿಗೆ ಒಪ್ಪಿಸಿ, ಪೂರ್ತಿ ಜಿಪ್ ಕೀಳಿಸಬೇಡಿ. ಹಲ್ಲೇ ಉದುರಿದ್ದರೆ ಮಾತ್ರ ಪೂರ್ತಿ ಬದಲಾವಣೆ. ಹಿತ್ತಾಳೆ ಜಿಪ್ಪಿನ ಮೇಲೆ ಹಸಿರು ಕಿಲುಬು ಕಂಡರೆ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಮೇಣದ ಬತ್ತಿ ಸವರಿ. ಕೊಬ್ಬರಿ ಎಣ್ಣೆ ಹಾಕಬೇಡಿ, ಅದು ಚಳಿಗೆ ಹೆಪ್ಪುಗಟ್ಟುತ್ತದೆ.

ಜಿಪ್ಪಿನ ಮೇಲೆ ಗುಂಡಿ ಹಾಕುವ ಪಟ್ಟಿ ಇದೆಯೇ ಎನ್ನುವುದು ಜಿಪ್ಪಿನಷ್ಟೇ ಮುಖ್ಯ. ಹಲ್ಲುಗಳ ಸಂದಿಯಿಂದ ನುಗ್ಗುವ ಗಾಳಿಯನ್ನು ತಡೆಯುವುದು ಆ ಪಟ್ಟಿ. ಜಿಪ್ ಕೆಟ್ಟರೂ ಪಟ್ಟಿಯ ಗುಂಡಿಗಳಿಂದ ಜಾಕೆಟ್ ಮುಚ್ಚಿಕೊಳ್ಳಬಹುದು. ಸೊಂಟದ ಲಾಡಿ ಎಳೆದು ಕಟ್ಟಿ ನೋಡಿ. ಕೆಲವದರಲ್ಲಿ ಲಾಡಿ ಒಳಗೇ ಕಳಚಿಹೋಗಿರುತ್ತದೆ, ಪಿನ್ನು ಕಟ್ಟಿ ಮತ್ತೆ ಪೋಣಿಸಬಹುದು. ಮಣಿಕಟ್ಟಿನ ವೆಲ್ಕ್ರೋ ಹಿಡಿಯದಿದ್ದರೆ ಸೂಜಿಯಿಂದ ಅದರ ಕೊಕ್ಕೆಗಳಲ್ಲಿ ಸಿಕ್ಕ ನೂಲಿನ ಕಸ ತೆಗೆದು ಇನ್ನೊಮ್ಮೆ ನೋಡಿ. ಅರ್ಧದಷ್ಟು ವೆಲ್ಕ್ರೋ ಕೆಟ್ಟಿರುವುದಿಲ್ಲ, ಕಸ ತುಂಬಿರುತ್ತದೆ. ಜೇಬಿನ ಮೂಲೆ, ಕಂಕುಳಿನ ಹೊಲಿಗೆ ಎರಡನ್ನೂ ಎರಡು ಕೈಯಲ್ಲಿ ಎಳೆದು ನೋಡಿ. ಹೊಲಿಗೆ ಬಿಟ್ಟಿದ್ದರೆ ಸುಲಭದ ರಿಪೇರಿ. ಹೊಲಿಗೆಯ ಪಕ್ಕದ ಬಟ್ಟೆಯೇ ಹಿಂಜಿದ್ದರೆ ಬಿಟ್ಟುಬಿಡಿ.

ಅಳತೆ

ಜಾಕೆಟ್ಟನ್ನು ನೆಲದ ಮೇಲೆ ಹರಡಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಅಳೆದು ಎರಡರಿಂದ ಗುಣಿಸಿ. ಬನಿಯನ್, ಥರ್ಮಲ್, ಸ್ವೆಟರ್ ಎಲ್ಲ ಹಾಕಿಕೊಂಡ ಮೇಲಿನ ನಿಮ್ಮ ಎದೆಯಳತೆಗಿಂತ ಅದು 15ರಿಂದ 20 ಸೆಂಟಿಮೀಟರ್ ಹೆಚ್ಚಿರಬೇಕು. ಕಡಿಮೆಯಾದರೆ ಒಳಗಿನ ಸ್ವೆಟರೂ ಲೈನರೂ ಒತ್ತಿ ಚಪ್ಪಟೆಯಾಗುತ್ತವೆ, ದಪ್ಪ ಹೋದಂತೆ ಬಿಸಿಯೂ ಹೋಗುತ್ತದೆ. ತೀರಾ ಹೆಚ್ಚಾದರೆ ಪ್ರತಿ ಹೆಜ್ಜೆಗೂ ಕೆಳಗಿನಿಂದ ಗಾಳಿ ಪಂಪ್ ಹೊಡೆದಂತೆ ಒಳಬರುತ್ತದೆ.

ಲೇಬಲಿನ ಸೈಜು ಅಮೆರಿಕದ ಇಂಚಿನಲ್ಲಿರುತ್ತದೆ. ಎಂ-65ರ ಮೀಡಿಯಂ ರೆಗ್ಯುಲರ್ ಎಂದರೆ 37ರಿಂದ 41 ಇಂಚು ಎದೆ, 67ರಿಂದ 71 ಇಂಚು ಎತ್ತರದವರಿಗೆ. ಆ ಎದೆಯಳತೆ ಬರಿ ಮೈಯದು, ಒಳಗೆ ಪದರ ಹಾಕಲು ಜಾಗ ಬಿಟ್ಟೇ ಹೊಲಿದಿರುತ್ತಾರೆ. ಹಾಗಾಗಿ "ಸ್ವೆಟರ್ ಹಾಕ್ತೀನಿ, ಒಂದು ಸೈಜ್ ದೊಡ್ಡದು ಕೊಡಿ" ಎನ್ನುವ ಅಭ್ಯಾಸ ಇಲ್ಲಿ ಕೆಡಿಸುತ್ತದೆ. ಐದೂವರೆ ಅಡಿಯವರು ರೆಗ್ಯುಲರ್ ಬದಲು ಷಾರ್ಟ್ ಹುಡುಕಿ. ಜಾಕೆಟ್ ಹಾಕಿ ಎರಡೂ ಕೈ ಮೇಲೆತ್ತಿದಾಗ ಸೊಂಟ ಬಯಲಾಗಬಾರದು, ಕೈ ಮುಂದೆ ಚಾಚಿದಾಗ ಮಣಿಕಟ್ಟು ಕಾಣಬಾರದು, ಕುಕ್ಕರಗಾಲಲ್ಲಿ ಕುಳಿತಾಗ ಮುಂದಿನ ಅಂಚು ತೊಡೆಗೆ ಸಿಕ್ಕಿ ಕತ್ತು ಎಳೆಯಬಾರದು.

ಬಾಟಲಿ ಪರೀಕ್ಷೆ

ಮನೆಗೆ ತಂದ ಮೇಲೆ, ವಾಪಸ್ ಕೊಡುವ ಅವಧಿಯೊಳಗೆ ಮಾಡಬೇಕಾದದ್ದು ಇದು. ಹೋಲಿಕೆಗೆ ಒಂದು ಕಂಬಳಿ ಬೇಕು. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿ ಇದ್ದರೆ ಅದೇ ಉತ್ತಮ, ಅದರ ಬಿಸುಪು ಎಷ್ಟೆಂದು ನಿಮ್ಮ ಮೈಗೆ ಗೊತ್ತಿರುತ್ತದೆ.

ಒಂದೇ ಥರದ ಮೂರು ಒಂದು ಲೀಟರ್ ಸ್ಟೀಲ್ ಬಾಟಲಿ ತೆಗೆದುಕೊಳ್ಳಿ. ಥರ್ಮಾಸ್ ಬೇಡ, ಅದು ತಾನೇ ಬಿಸಿ ಹಿಡಿಯುತ್ತದೆ. ಮೂರಕ್ಕೂ 60 ಡಿಗ್ರಿಯ ನೀರು ಕುತ್ತಿಗೆವರೆಗೆ ತುಂಬಿ ಮುಚ್ಚಳ ಬಿಗಿ ಮಾಡಿ. ಒಂದನ್ನು ಬರಿದೇ ಇಡಿ. ಇನ್ನೊಂದಕ್ಕೆ ಕಂಬಳಿಯ ಒಂದು ಸುತ್ತು ಹಾಕಿ, ತಲೆಯನ್ನೂ ಮುಚ್ಚಿ ದಾರ ಕಟ್ಟಿ. ಮೂರನೆಯದನ್ನು ಲೈನರ್ ಕೂಡಿಸಿದ ಜಾಕೆಟ್ಟಿನ ತೋಳಿನೊಳಗೆ ಮೊಣಕೈ ಮೇಲಿನ ಭಾಗಕ್ಕೆ ತಳ್ಳಿ, ತೋಳಿನ ಎರಡೂ ಬದಿ ಮಡಚಿ ಕಟ್ಟಿ. ತೋಳು ಬಾಟಲಿಯ ಸುತ್ತ ಒಂದೇ ಪದರವಾಗಿ ಕೂರುವುದರಿಂದ ಲೆಕ್ಕ ಸರಿ ಬರುತ್ತದೆ. ಜಾಕೆಟ್ಟನ್ನೇ ಬಾಟಲಿಗೆ ಸುತ್ತಿದರೆ ನಾಲ್ಕೈದು ಪದರವಾಗಿ ಎಲ್ಲ ಜಾಕೆಟ್ಟೂ ಪಾಸಾಗಿಬಿಡುತ್ತದೆ. ಮೂರರ ಅಡಿಗೂ ಮಡಚಿದ ಟವೆಲ್ ಇರಲಿ. ಫ್ಯಾನ್ ಆಫ್. ಸರಿಯಾಗಿ ಒಂದು ಗಂಟೆಯ ನಂತರ ಬಾಟಲಿ ಅಲುಗಾಡಿಸಿ ನೀರಿನ ಉಷ್ಣಾಂಶ ನೋಡಿ.

ಲೆಕ್ಕ ಹೀಗೆ. ಕೋಣೆ 28 ಡಿಗ್ರಿ ಇದ್ದರೆ ಶುರುವಿನ ಅಂತರ 60ರಲ್ಲಿ 28 ಕಳೆದು 32. ಗಂಟೆಯ ನಂತರ ಬರಿ ಬಾಟಲಿ 44ಕ್ಕೆ ಇಳಿದಿದ್ದರೆ ಉಳಿದ ಅಂತರ 16, ಅಂದರೆ ಅರ್ಧ ಉಳಿದಿದೆ. ಕಂಬಳಿಯದು 51 ಇದ್ದರೆ 32ರಲ್ಲಿ 23, ನೂರಕ್ಕೆ 72. ಇವು ಲೆಕ್ಕ ತೋರಿಸಲು ಕೊಟ್ಟ ಅಂಕಿ, ನಿಮ್ಮವು ಬೇರೆ ಬರುತ್ತವೆ. ನೋಡಬೇಕಾದದ್ದು ಜಾಕೆಟ್ ಕಂಬಳಿಯನ್ನು ಮುಟ್ಟಿತೋ ಇಲ್ಲವೋ ಎಂದು. ಕಂಬಳಿಗಿಂತ ಹಿಂದೆ ಬಿದ್ದರೆ ಆ ಲೈನರಿನಿಂದ ಹಿಮದ ಜಾಗದಲ್ಲಿ ಹೆಚ್ಚೇನೂ ನಿರೀಕ್ಷಿಸಬೇಡಿ.

ಇದೇ ಪರೀಕ್ಷೆಯನ್ನು ಟೇಬಲ್ ಫ್ಯಾನನ್ನು ಒಂದು ಮೀಟರ್ ದೂರದಲ್ಲಿ ಜೋರಾಗಿ ತಿರುಗಿಸಿ ಇನ್ನೊಮ್ಮೆ ಮಾಡಿ: ಒಂದು ಬಾಟಲಿ ಲೈನರಿನ ತೋಳಿನಲ್ಲಿ ಮಾತ್ರ, ಇನ್ನೊಂದು ಬರೀ ಷೆಲ್ ತೋಳಿನಲ್ಲಿ. ಆಮೇಲೆ ಎರಡನ್ನೂ ಕೂಡಿಸಿ ಮತ್ತೊಂದು ಸಲ. ಕೂಡಿಸಿದಾಗಿನ ಫಲಿತಾಂಶಕ್ಕೂ ಬರೀ ಷೆಲ್ಲಿನದಕ್ಕೂ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸವಿದ್ದರೆ ಲೈನರ್ ಸತ್ತಿದೆ. ಕೂಡಿಸಿದ್ದು ಬರೀ ಲೈನರಿಗಿಂತ ಹೆಚ್ಚೇನೂ ಮುಂದಿಲ್ಲದಿದ್ದರೆ ಷೆಲ್ ಗಾಳಿ ಬಿಡುತ್ತಿದೆ.

ಗಾಳಿಗೆ ಒಡ್ಡುವುದು

ಜನವರಿಯ ಬೆಳಗಿನ ಜಾವ ಐದೂವರೆಗೆ ಬೈಕ್ ಹತ್ತಿ, ಹೆದ್ದಾರಿ 48ರ ಸರ್ವೀಸ್ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರಿನಲ್ಲಿ 20 ನಿಮಿಷ ಓಡಿಸಿ. ಹೆಲ್ಮೆಟ್ ಇರಲಿ, ಒಳಗೆ ತೆಳು ಅಂಗಿ ಸಾಕು. ಇದು ಹಿಮಾಲಯದ ಚಳಿಯಲ್ಲ, ಆದರೆ ಗಾಳಿ ಎಲ್ಲಿಂದ ನುಗ್ಗುತ್ತದೆ ಎಂದು ಇದರಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳುವುದಿಲ್ಲ. ಎದೆಯ ನಡುವೆ ತಣ್ಣಗಾದರೆ ಜಿಪ್ಪಿನ ಪಟ್ಟಿ, ಕಂಕುಳಿಗೆ ಬಂದರೆ ಹೊಲಿಗೆ, ಹೊಟ್ಟೆಗೆ ಬಂದರೆ ಸೊಂಟದ ಲಾಡಿ, ಕತ್ತಿಗೆ ಬಂದರೆ ಕಾಲರ್. ಎಂ-65ರ ಕಾಲರ್ ಎತ್ತರವಿದ್ದರೂ ಒಳಗಿನ ಟೋಪಿ ಬರೀ ತೆಳು ಬಟ್ಟೆ, ಅದರಲ್ಲಿ ಬಿಸಿಯಿಲ್ಲ. ಮಂಕಿ ಕ್ಯಾಪ್ ಬೇರೆ ಒಯ್ಯಲೇಬೇಕು.

ಚಿತ್ರದುರ್ಗದವರಿಗೆ ಬೈಕೂ ಬೇಡ. ಜೋಗಿಮಟ್ಟಿಯ ಮೇಲೆ, ಗಾಳಿಯಂತ್ರಗಳು ತಿರುಗುವ ಆ ಗುಡ್ಡಗಳ ಸಾಲಿನಲ್ಲಿ, ಅರಣ್ಯ ಇಲಾಖೆ ಬಿಡುವ ವೇಳೆ ನೋಡಿಕೊಂಡು ಹೋಗಿ ಅಲುಗಾಡದೆ ಅರ್ಧ ಗಂಟೆ ಕುಳಿತರೆ ಸಾಕು. ಗುಡ್ಡ ಏರಿ ಬಂದ ಬೆವರು ಆರುವವರೆಗೆ ಕುಳಿತು ನೋಡಿ, ಲೋಟದ ಪರೀಕ್ಷೆಯ ಉತ್ತರ ಇಲ್ಲಿ ಮೈಗೇ ಸಿಗುತ್ತದೆ.

ಕಾನೂನಿನ ವಿಷಯ

2022ರ ಜನವರಿ 15ರ ಸೇನಾ ದಿನದಂದು ಹೊರಬಂದ ನಮ್ಮ ಸೇನೆಯ ಹೊಸ ಸಮವಸ್ತ್ರದ ವಿನ್ಯಾಸ ಸೇನೆಯ ಹೆಸರಿನಲ್ಲೇ ನೋಂದಣಿಯಾಗಿದೆ. ಅದರ ನಕಲು ಬಟ್ಟೆ ಕೊಳ್ಳಬೇಡಿ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೇನೆಯ ಉಡುಪು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ: 3 ತಿಂಗಳವರೆಗೆ ಸೆರೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಮಗೆ ಅಂಥ ಉದ್ದೇಶ ಇರುವುದಿಲ್ಲ ನಿಜ, ಆದರೆ ಲಡಾಖ್, ಕಾಶ್ಮೀರದ ಚೆಕ್‌ಪೋಸ್ಟಿನಲ್ಲಿ ಅದನ್ನು ವಿವರಿಸುತ್ತ ನಿಲ್ಲುವುದು ಯಾರಿಗೆ ಬೇಕು? ಚುಕ್ಕೆ-ಎಲೆ ಚಿತ್ತಾರವಿಲ್ಲದ ಬರೀ ಹಸಿರು ಅಥವಾ ಕಪ್ಪು ಬಣ್ಣದ್ದು ಆರಿಸಿ. ಭುಜದ ಪಟ್ಟಿಯ ಮೇಲಿನ ಬಿಲ್ಲೆ, ಹೆಸರಿನ ಪಟ್ಟಿ ಏನಾದರೂ ಉಳಿದಿದ್ದರೆ ಬಿಚ್ಚಿಸಿ.

ಒಗೆಯುವುದು, ಇಡುವುದು

ಷೆಲ್ ಮತ್ತು ಲೈನರ್ ಬೇರೆ ಬೇರೆ ಒಗೆಯಬೇಕು. ಚಿತ್ರದುರ್ಗ, ಜಗಳೂರು ಕಡೆಯ ಬೋರ್‌ವೆಲ್ ನೀರು ಗಡಸು. ಬಾರ್ ಸೋಪು ಹಾಕಿದರೆ ಬಿಳಿ ಕಲ್ಮಷವಾಗಿ ಬಟ್ಟೆಯ ಎಳೆಗೆ ಅಂಟಿ ಕೂರುತ್ತದೆ, ನೀರು ನಿರೋಧಕ ಗುಣ ಅಲ್ಲಿಗೆ ಮುಗಿಯಿತು. ಉಗುರುಬೆಚ್ಚನೆಯ ನೀರಿಗೆ ಎರಡು ಚಮಚ ಲಿಕ್ವಿಡ್ ಡಿಟರ್ಜೆಂಟ್ ಹಾಕಿ 20 ನಿಮಿಷ ನೆನೆಸಿ, ಕೈಯಲ್ಲಿ ಹಿಸುಕಿ, ಎರಡು ಸಲ ಜಾಲಿಸಿ. ಕೊನೆಯ ಬಕೆಟ್ಟಿಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರಾದರೆ ಒಳ್ಳೆಯದು. ಕಂಫರ್ಟ್ ಜಾತಿಯ ಮೆದುಕಾರಕ, ಗಂಜಿ, ಬ್ಲೀಚ್ ಯಾವುದೂ ಬೇಡ. ಲೈನರನ್ನು ಒಗೆಯುವ ಕಲ್ಲಿಗೆ ಬಡಿಯಲೂಬಾರದು, ಹಿಂಡಲೂಬಾರದು. ಹತ್ತಿ ಗಂಟುಕಟ್ಟುವುದು ಆ ಹತ್ತು ಏಟಿನಲ್ಲೇ. ಟವೆಲ್ ನಡುವೆ ಇಟ್ಟು ಒತ್ತಿ ನೀರು ತೆಗೆದು, ನೆರಳಿನಲ್ಲಿ ಅಗಲವಾಗಿ ಹರಡಿ, ಅರೆ ಒಣಗಿದಾಗೊಮ್ಮೆ ಕೊಡವಿ.

ಷೆಲ್ ಒಣಗಿದ ಮೇಲೆ ತೆಳು ಪಂಚೆ ಹಾಸಿ, ಕಡಿಮೆ ಬಿಸಿಯ ಇಸ್ತ್ರಿ ಆಡಿಸಿದರೆ ಹಳೆಯ ಲೇಪಕ್ಕೆ ಎಷ್ಟೋ ಸಲ ಜೀವ ಬರುತ್ತದೆ. ಹನಿ ಮತ್ತೆ ಉರುಳದಿದ್ದರೆ ಆಗ ನೀರು ನಿರೋಧಕ ಸ್ಪ್ರೇ ಹಾಕಿ, ಷೆಲ್ಲಿಗೆ ಮಾತ್ರ. ಮುಗ್ಗಲು ವಾಸನೆ ಒಂದು ಒಗೆತಕ್ಕೆ ಹೋಗದಿದ್ದರೆ ಬೆಳಗಿನ ಬಿಸಿಲಿಗೆ ಎರಡು ದಿನ ಒಳಮೈ ಹೊರಗೆ ಮಾಡಿ ಹಾಕಿ. ಮಧ್ಯಾಹ್ನದ ಬಿಸಿಲು ನೈಲಾನ್ ನೂಲನ್ನು ತಿನ್ನುತ್ತದೆ.

ವರ್ಷದಲ್ಲಿ ಹನ್ನೊಂದು ತಿಂಗಳು ನಮ್ಮೂರಲ್ಲಿ ಈ ಜಾಕೆಟ್ಟಿಗೆ ಕೆಲಸವಿಲ್ಲ. ಟ್ರಂಕಿನ ತಳಕ್ಕೆ ತುರುಕಬೇಡಿ. ಲೈನರ್ ಬಿಚ್ಚಿ, ಹಳೇ ದಿಂಬಿನ ಕವರಿನಲ್ಲಿ ಸಡಿಲವಾಗಿ ಇಡಿ. ಷೆಲ್ ಅಗಲ ಹ್ಯಾಂಗರಿಗೆ, ಜಿಪ್ ಮುಚ್ಚಿ. ಪಾಲಿಯೆಸ್ಟರ್ ಲೈನರಿಗೆ ನುಸಿಗುಳಿಗೆ ಬೇಕಿಲ್ಲ, ಉಣ್ಣೆಯದಾದರೆ ಬೇಕು. ರೈಲು ಹತ್ತುವ ಒಂದು ವಾರ ಮೊದಲೇ ಲೈನರ್ ತೆಗೆದು ತೂಗುಹಾಕಿ, ನಾಲ್ಕು ಪದರದ ಅಳತೆ ಮತ್ತೊಮ್ಮೆ ತೆಗೆಯಿರಿ. ಕೊಂಡಾಗಿನ ಅಳತೆಗಿಂತ ಮೂರನೇ ಒಂದು ಪಾಲು ಇಳಿದಿದ್ದರೆ ಒಳಗೊಂದು ದಪ್ಪ ಫ್ಲೀಸ್ ಹೆಚ್ಚಿಗೆ ಕಟ್ಟಿಕೊಳ್ಳಿ.